ಹಾಲುಣಿಸುವ ತಾಯಿ ಯಾರಿಗೆ ನಾಚಬೇಕು?

ಆಗಸ್ಟ್ ತಿಂಗಳ ಮೊದಲ ವಾರ ಬಂತೆಂದರೆ ಎದೆಹಾಲಿನ ಗುಣಗಾನ ಶುರುವಾಗುತ್ತದೆ. 1992ರಿಂದ ಜಗತ್ತಿನ ಹಲವು ದೇಶಗಳಲ್ಲಿ ಆಚರಿಸಿಕೊಂಡು ಬಂದಿರುವ ಸ್ತನ್ಯಪಾನ ಸಪ್ತಾಹ ನಮ್ಮ ತಾಲೂಕು ಆಸ್ಪತ್ರೆಗಳಲ್ಲೂ ನಡೆಯುತ್ತದೆ. ಬ್ಯಾನರು ಕಟ್ಟುತ್ತಾರೆ, ದೀಪ ಹಚ್ಚುತ್ತಾರೆ, ತಾಯಿಯ ಹಾಲು ಅಮೃತಕ್ಕೆ ಸಮಾನವೆಂದು ಗಣ್ಯರು ಭಾಷಣ ಮಾಡುತ್ತಾರೆ. ಮುಂದಿನ ಸಾಲಿನಲ್ಲಿ ಕೂರಿಸಿದ ಬಾಣಂತಿಯರು ತಲೆಯಾಡಿಸುತ್ತಾರೆ. ಸಭೆ ಮುಗಿದು ಅದೇ ಬಾಣಂತಿ ಬಸ್ ನಿಲ್ದಾಣಕ್ಕೆ ಬಂದು ನಿಂತಾಗ ತೋಳಿನಲ್ಲಿರುವ ಕೂಸು ಅಳತೊಡಗಿದರೆ ಆ ಅಮೃತವನ್ನು ಆಕೆ ಎಲ್ಲಿ ಕೂತು ಕೊಡಬೇಕು? ಯಾವ ಭಾಷಣಕಾರರೂ ಇದನ್ನು ಹೇಳುವುದಿಲ್ಲ.

ಹೇಳುವುದು ಒಂದೇ ಮಾತು: "ಧೈರ್ಯ ತಂದುಕೊಳ್ಳಮ್ಮ, ನಾಚಿಕೆ ಬಿಡು." ಕೇಳಲು ಹಿತವಾದ ಮಾತು. ಆದರೆ ಈ ಮಾತಿನ ಒಳಗೆ ಒಂದು ಮೋಸವಿದೆ. ಹೆತ್ತು ಇನ್ನೂ ತಿಂಗಳೂ ಕಳೆದಿರದ, ಹೊಲಿಗೆಯ ನೋವು ಆರಿರದ, ನಿದ್ದೆಗೆಟ್ಟ ಹೆಣ್ಣುಮಗಳ ಅಂಜಿಕೆಯನ್ನು ಆಕೆಯದೇ ದೌರ್ಬಲ್ಯವೆಂದು ಅದು ತೀರ್ಮಾನಿಸಿಬಿಡುತ್ತದೆ. ಧೈರ್ಯ ಅಂಗಡಿಯಿಂದ ತರುವ ವಸ್ತುವಲ್ಲ. ಸುತ್ತಲಿನವರು ಕೊಟ್ಟರೆ ಬರುತ್ತದೆ, ಕಸಿದುಕೊಂಡರೆ ಹೋಗುತ್ತದೆ. ನಾಲ್ಕು ಜನರ ನಡುವೆ ಕೂಸಿಗೆ ಹಾಲುಣಿಸಲು ತಾಯಿ ಹಿಂಜರಿದರೆ ಪ್ರಶ್ನೆಗೆ ಒಳಗಾಗಬೇಕಾದವರು ಆ ನಾಲ್ಕು ಜನ. ನಾವು ಇಲ್ಲಿ ಹೇಳಹೊರಟಿರುವುದು ಇಷ್ಟೇ.

ಮೊದಲು ಕೂಸಿನ ಪಕ್ಷವನ್ನು ಕೇಳೋಣ. ಹುಟ್ಟಿದ ಮೊದಲ ದಿನ ಎಳೆಗೂಸು ಒಂದು ಸಲಕ್ಕೆ ಕುಡಿಯುವುದು ಹೆಚ್ಚೆಂದರೆ ಒಂದೋ ಎರಡೋ ಚಮಚ. ಹೊಟ್ಟೆ ಅಷ್ಟು ಚಿಕ್ಕದು. ಆದ್ದರಿಂದಲೇ ಅದಕ್ಕೆ ಪದೇ ಪದೇ ಹಸಿವಾಗುತ್ತದೆ. ಮೊದಲ ವಾರಗಳಲ್ಲಿ ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಹಾಲುಣಿಸಬೇಕೆಂದು ವೈದ್ಯರು ಹೇಳುವುದು ಈ ಕಾರಣಕ್ಕೆ. ಎರಡು ಮೂರು ಗಂಟೆಗೊಮ್ಮೆ, ಕೆಲವೊಮ್ಮೆ ಗಂಟೆಗೊಮ್ಮೆಯೇ. ಹಸಿದ ಕೂಸು ಮೊದಲು ತಲೆಯನ್ನು ಆಚೀಚೆ ಹೊರಳಿಸಿ ಎದೆಯನ್ನು ಹುಡುಕುತ್ತದೆ, ಬಾಯಿ ತೆರೆಯುತ್ತದೆ, ಮುಷ್ಟಿಯನ್ನು ಚೀಪುತ್ತದೆ. ಅಳು ಬರುವುದು ಕೊನೆಗೆ. ಅತ್ತು ಅತ್ತು ಕೆಂಪಾದ ಮೇಲೆ ಎದೆಗೆ ಹಿಡಿದರೆ ಅದಕ್ಕೆ ಸರಿಯಾಗಿ ಬಾಯಿ ಹಾಕಲೂ ಆಗುವುದಿಲ್ಲ. ಮನೆಗೆ ಹೋಗಿ ಕೊಟ್ಟರಾಯಿತು, ಬಸ್ಸು ಇಳಿದ ಮೇಲೆ ನೋಡೋಣ ಎಂಬ ನಮ್ಮ ದೊಡ್ಡವರ ಲೆಕ್ಕಾಚಾರ ಕೂಸಿಗೆ ಹೇಗೆ ಗೊತ್ತಾಗಬೇಕು?

ಇನ್ನು ತಾಯಿಯ ಮೈ. ಕೂಸು ಚೀಪತೊಡಗಿದಾಗ ತಾಯಿಯ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊರಟು ಎದೆಯಲ್ಲಿ ತುಂಬಿದ ಹಾಲನ್ನು ತೊಟ್ಟಿನ ಕಡೆಗೆ ಇಳಿಸುತ್ತದೆ. ಕೂಸನ್ನು ನೆನೆದರೂ ಸಾಕು, ಅದರ ಅಳು ಕಿವಿಗೆ ಬಿದ್ದರೂ ಸಾಕು, ಹಾಲು ಇಳಿದು ರವಿಕೆ ಒದ್ದೆಯಾಗುವುದುಂಟು. ಆದರೆ ಭಯ, ಆತಂಕ, ಮುಜುಗರ ಇದ್ದಾಗ ಇದೇ ಕ್ರಿಯೆ ತಡವಾಗುತ್ತದೆ, ಕೆಲಹೊತ್ತು ನಿಂತೂಹೋಗುತ್ತದೆ. ಎದೆ ತುಂಬಿದೆ, ಕೂಸು ಚೀಪುತ್ತಿದೆ, ಹಾಲು ಮಾತ್ರ ಇಳಿಯುತ್ತಿಲ್ಲ. ಎದುರಿನ ಸೀಟಿನಲ್ಲಿ ಕೂತವನು ನೋಡುತ್ತಿದ್ದಾನೆ. ಕೂಸು ರಚ್ಚೆ ಹಿಡಿಯುತ್ತದೆ. ಪಕ್ಕದಲ್ಲಿದ್ದ ಅಜ್ಜಿ, "ಪಾಪ, ಇವಳಿಗೆ ಹಾಲೇ ಇಲ್ಲವೇನೋ" ಎನ್ನುತ್ತಾಳೆ. ಆ ಒಂದು ಮಾತು ಸಾಕು, ಮನೆಗೆ ಹಾಲಿನ ಪುಡಿಯ ಡಬ್ಬಿ ಬರುತ್ತದೆ. ಕೂಸು ಕುಡಿದಷ್ಟೂ ಊರುವುದು, ಕುಡಿಯದಿದ್ದರೆ ಇಂಗುವುದು ಎದೆಹಾಲಿನ ಸ್ವಭಾವ. ಹೊರಗೆ ಹೋದಾಗಲೆಲ್ಲ ತಡೆಹಿಡಿದರೆ ಎದೆ ಕಲ್ಲಿನಂತೆ ಬಿಗಿದು ನೋವು, ಬಾವು, ಜ್ವರ; ಮುಂದೆ ಹಾಲೇ ಕಡಿಮೆ. ಅಂದರೆ ಬೇರೆಯವರ ದೃಷ್ಟಿ ಒಂದು ಕೂಸಿನ ಅನ್ನವನ್ನು ನಿಜವಾಗಿಯೂ ಕಿತ್ತುಕೊಳ್ಳಬಲ್ಲುದು.

ಮೊದಲ ಆರು ತಿಂಗಳು ಎದೆಹಾಲನ್ನು ಬಿಟ್ಟು ಬೇರೇನನ್ನೂ ಕೊಡಬಾರದು, ನೀರನ್ನೂ ಕೊಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಹೀಗೆ ಬರೀ ಎದೆಹಾಲು ಕುಡಿಯುತ್ತಿದ್ದವರು ಶೇ. 63.7 ಮಾತ್ರ. ಮೂರರಲ್ಲಿ ಒಂದು ಕೂಸಿಗೂ ಹೆಚ್ಚು ಹೊರಗೆ ಉಳಿದವು. ಇದಕ್ಕೆ ಕಾರಣಗಳು ಹಲವು. ಆದರೆ ಕೂರಲು ತಾವಿಲ್ಲದ, ಮನಸ್ಸಿಗೆ ನೆಮ್ಮದಿಯಿಲ್ಲದ ತಾಯಂದಿರ ದಿನನಿತ್ಯದ ಒದ್ದಾಟವನ್ನು ಈ ಕಾರಣಗಳ ಪಟ್ಟಿಯಿಂದ ಕೈಬಿಡುವ ಹಾಗಿಲ್ಲ.

"ಹಸುಗೂಸನ್ನು ಎತ್ತಿಕೊಂಡು ಊರು ಸುತ್ತುವುದೇಕೆ? ಮನೆಯಲ್ಲಿರಬಾರದೇ?" ಎಂದು ಕೇಳುವವರಿದ್ದಾರೆ. ನಲವತ್ತು ದಿನ ಹೊಸಿಲು ದಾಟಬಾರದೆಂಬ ಬಾಣಂತನದ ಕಟ್ಟಳೆ ನಮ್ಮ ಎಲ್ಲ ಸಮುದಾಯಗಳಲ್ಲೂ ಒಂದಲ್ಲ ಒಂದು ರೂಪದಲ್ಲಿದೆ. ಅದರ ಹಿಂದೆ ಹೆತ್ತವಳಿಗೆ ವಿಶ್ರಾಂತಿ ಸಿಗಲೆಂಬ ಕಾಳಜಿಯೂ ಇದೆ. ಆದರೆ ಆರು ವಾರ ತುಂಬುತ್ತಿದ್ದಂತೆ ಲಸಿಕೆಗೆ ಬಾ ಎಂದು ಸರಕಾರವೇ ಕರೆಯುತ್ತದೆ. ಆಮೇಲೆ ಹತ್ತು ವಾರಕ್ಕೆ, ಹದಿನಾಲ್ಕು ವಾರಕ್ಕೆ. ಕೂಸಿಗೆ ಕಾಮಾಲೆ ಕಂಡರೆ ನಲವತ್ತು ದಿನ ಕಾಯಲು ಆಗುತ್ತದೆಯೇ? ಜನನ ಪ್ರಮಾಣಪತ್ರ, ರೇಷನ್ ಕಾರ್ಡಿಗೆ ಹೆಸರು ಸೇರಿಸುವುದು, ಬ್ಯಾಂಕಿನ ಕೆಲಸ, ಮೊದಲ ಮಗುವಿನ ಶಾಲೆ, ತವರಿನಿಂದ ಗಂಡನ ಮನೆಗೆ ಪಯಣ, ಇವೆಲ್ಲ ಊರು ಸುತ್ತುವ ಶೋಕಿಯೇ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರಾಜ್ಯದ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಓಡಾಡುತ್ತಿದ್ದಾರೆ. ಟಿಕೆಟ್ಟಿನ ಅಡ್ಡಿ ಹೋಯಿತು. ದೃಷ್ಟಿಯ ಅಡ್ಡಿ ಹೋಗಲಿಲ್ಲ.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಬಯಲಿನಲ್ಲಿ ಹಾಲುಣಿಸುವುದು ಹೊಸ ಕಾಲದ ಹೆಣ್ಣುಮಕ್ಕಳು ಪಟ್ಟಣದಿಂದ ತಂದ ಚಾಳಿಯೇನಲ್ಲ. ಗದ್ದೆಯ ಬದುವಿನ ಮೇಲೆ, ಕಾಫಿ ತೋಟದ ಮರದ ನೆರಳಿನಲ್ಲಿ, ಸಂತೆಯ ತರಕಾರಿ ರಾಶಿಯ ಹಿಂದೆ, ಕಟ್ಟಡ ಕಟ್ಟುವ ಜಾಗದ ಮರಳಿನ ಗುಡ್ಡೆಯ ಬುಡದಲ್ಲಿ ದುಡಿಯುವ ಹೆಂಗಸರು ಎಂದಿನಿಂದಲೂ ಕೂಸಿಗೆ ಹಾಲುಣಿಸುತ್ತ ಬಂದಿದ್ದಾರೆ. ಸೆರಗನ್ನು ಒಂದಿಷ್ಟು ಎಳೆದುಕೊಂಡು, ಪಕ್ಕದವಳ ಜೊತೆ ಮಾತಾಡುತ್ತಲೇ ಹಾಲು ಕೊಟ್ಟು ಮತ್ತೆ ಕೆಲಸಕ್ಕೆ ಏಳುತ್ತಾರೆ. ಅದನ್ನು ಯಾರೂ ಅಸಭ್ಯವೆಂದು ಕರೆದಿರಲಿಲ್ಲ. ನಾವು ಕಾಂಕ್ರೀಟಿನ ಮನೆ ಕಟ್ಟಿ, ಕಿಟಕಿಗೆ ಪರದೆ ಹಾಕಿ, ಮಧ್ಯಮ ವರ್ಗದವರೆನಿಸಿಕೊಂಡ ಮೇಲೆ ಈ ಸಹಜ ಕ್ರಿಯೆಗೆ ಅಪರಾಧದ ಬಣ್ಣ ಬಳಿದೆವು. ಅಜ್ಜಿ ಜಗಲಿಯಲ್ಲಿ ಕೂತು ಹಾಲು ಕೊಟ್ಟ ಮನೆಯಲ್ಲೇ ಮೊಮ್ಮಗಳು ಬಾಗಿಲು ಹಾಕಿಕೊಂಡು ಕೊಡುತ್ತಾಳೆ. ಮದುವೆ ಮನೆಯ ಊಟದ ಹೊತ್ತಿನಲ್ಲಿ ಅಡುಗೆ ಸಾಮಾನು ಇಟ್ಟ ಕತ್ತಲ ಕೋಣೆಯನ್ನು ಆಕೆಗೆ ತೋರಿಸುತ್ತೇವೆ. ಉಳಿದವರೆಲ್ಲ ಎಲ್ಲರೆದುರು ಉಣ್ಣಬಹುದು, ಕೂಸು ಮಾತ್ರ ಕತ್ತಲಲ್ಲಿ ಉಣ್ಣಬೇಕು!

ಇದೇ ಸಮಾಜದ ಕಣ್ಣು ಬೇರೆ ಕಡೆಗಳಲ್ಲಿ ಹೇಗಿರುತ್ತದೆ ನೋಡಿ. ಸೋಪಿನಿಂದ ಹಿಡಿದು ಟಯರಿನವರೆಗೆ ಏನನ್ನು ಮಾರಬೇಕಾದರೂ ಹೆಣ್ಣಿನ ಅರೆಬತ್ತಲೆ ಮೈ ಬೇಕು. ಅಂಥ ಜಾಹೀರಾತು ಫಲಕ ಬಸ್ ನಿಲ್ದಾಣದ ನೆತ್ತಿಯ ಮೇಲೆಯೇ ನಿಂತಿರುತ್ತದೆ. ಅದರಿಂದ ಯಾರ ಸಂಸ್ಕೃತಿಗೂ ಧಕ್ಕೆಯಾಗುವುದಿಲ್ಲ. ಅದರ ಕೆಳಗೆ ಕೂತ ತಾಯಿ ಸೆರಗಿನ ಒಳಗೆ ಕೂಸನ್ನು ಎಳೆದುಕೊಂಡರೆ ಮಾತ್ರ ಸಭ್ಯತೆ ಎಚ್ಚರಗೊಳ್ಳುತ್ತದೆ. 2018ರ ಮಾರ್ಚ್‌ನಲ್ಲಿ ಕೇರಳದ 'ಗೃಹಲಕ್ಷ್ಮಿ' ಪತ್ರಿಕೆ ಕೂಸಿಗೆ ಹಾಲುಣಿಸುತ್ತಿರುವ ಹೆಣ್ಣಿನ ಚಿತ್ರವನ್ನು ಮುಖಪುಟದಲ್ಲಿ ಹಾಕಿ, ನಮ್ಮನ್ನು ದಿಟ್ಟಿಸಬೇಡಿ ಎಂಬ ತಾಯಂದಿರ ಕೋರಿಕೆಯನ್ನು ಪ್ರಕಟಿಸಿದಾಗ ಎಷ್ಟು ಗದ್ದಲವಾಯಿತು! ಚಿತ್ರದಲ್ಲಿದ್ದ ರೂಪದರ್ಶಿ ತಾಯಿಯಲ್ಲ ಎಂಬ ಆಕ್ಷೇಪವೂ ಬಂತು. ಅದನ್ನು ಚರ್ಚಿಸಬಹುದಿತ್ತು. ಆದರೆ ಅಶ್ಲೀಲವೆಂದು ಕೆಲವರು ನ್ಯಾಯಾಲಯಕ್ಕೇ ಹೋದರು. ಅಶ್ಲೀಲವಾದುದೇನೂ ತಮಗೆ ಕಾಣುತ್ತಿಲ್ಲವೆಂದು ಕೇರಳ ಹೈಕೋರ್ಟ್ ಆ ಅರ್ಜಿಯನ್ನು ವಜಾ ಮಾಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಕೊಲ್ಕತ್ತಾದ ದೊಡ್ಡ ಮಾಲ್ ಒಂದರಲ್ಲಿ ಹಾಲುಣಿಸಲು ಜಾಗ ಹುಡುಕಿದ ತಾಯಿಗೆ ಶೌಚಾಲಯಕ್ಕೆ ಹೋಗಲು ಹೇಳಿದ್ದು ದೊಡ್ಡ ಸುದ್ದಿಯಾಯಿತು. ನಾವು ಯಾರಾದರೂ ಶೌಚಾಲಯದಲ್ಲಿ ಕೂತು ಊಟ ಮಾಡುತ್ತೇವೆಯೇ?

ಧರ್ಮ ಮತ್ತು ಲಜ್ಜೆಯ ಮಾತು ಇಲ್ಲಿ ಬಂದೇ ಬರುತ್ತದೆ. ಬರಲಿ. ಸೆರಗು, ದುಪ್ಪಟ್ಟಾ, ಬುರ್ಖಾ ಯಾವುದರ ಒಳಗಿದ್ದೂ ತಾಯಿ ಹಾಲುಣಿಸಬಲ್ಲಳು, ಉಣಿಸುತ್ತಲೂ ಇದ್ದಾಳೆ. ಎಷ್ಟು ಮರೆ ಬೇಕೆಂಬುದನ್ನು ಆಕೆಯ ಮನಸ್ಸು, ಆಕೆಯ ನಂಬಿಕೆ ತೀರ್ಮಾನಿಸಲಿ. ಮರೆ ಬೇಕೆನ್ನುವವಳನ್ನು ಹಳೆಯ ಕಾಲದವಳೆಂದು ನಗುವುದೂ ತಪ್ಪು, ಬೇಡವೆನ್ನುವವಳನ್ನು ನಾಚಿಕೆಗೆಟ್ಟವಳೆಂದು ಜರೆಯುವುದೂ ತಪ್ಪು. ಆದರೆ ಲಜ್ಜೆಯ ಹೆಸರಿನಲ್ಲಿ ತಾಯಿಯನ್ನು ಗದರುವವರು ಒಂದನ್ನು ನೆನಪಿಡಬೇಕು. ಕುರ್‌ಆನ್ ದೃಷ್ಟಿಯನ್ನು ತಗ್ಗಿಸಿಕೊಳ್ಳಬೇಕೆಂದು ಹೇಳುವಾಗ ಮೊದಲು ಹೇಳುವುದು ಗಂಡಸರಿಗೆ. ಹೆಂಗಸರ ಮಾತು ಆಮೇಲೆ ಬರುತ್ತದೆ. ಎರಡು ವರ್ಷ ತುಂಬುವ ತನಕ ಹಾಲುಣಿಸುವ ಮಾತನ್ನೂ, ಆ ಅವಧಿಯಲ್ಲಿ ತಾಯಿಯ ಊಟ-ಬಟ್ಟೆಯ ಹೊಣೆ ತಂದೆಯದೆಂಬುದನ್ನೂ ಅದೇ ಗ್ರಂಥ ಹೇಳುತ್ತದೆ. ನದಿಯ ಪಾಲಾದ ಮೂಸಾ ಬೇರಾರ ಹಾಲನ್ನೂ ಮುಟ್ಟದೆ ಹೆತ್ತವಳ ಎದೆಗೇ ಮರಳಿದ ಕಥೆ ಅಲ್ಲಿದೆ. ಪ್ರವಾದಿಯವರಿಗೆ ಹಾಲುಣಿಸಿದ ಹಲೀಮಾ ಅವರ ಹೆಸರನ್ನು ಮುಸ್ಲಿಮರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಒಂದೇ ತಾಯಿಯ ಹಾಲು ಕುಡಿದ ಮಕ್ಕಳು ರಕ್ತಸಂಬಂಧವಿಲ್ಲದಿದ್ದರೂ ಒಡಹುಟ್ಟಿದವರಂತೆ, ಅವರ ನಡುವೆ ಮದುವೆ ಸಲ್ಲದು ಎನ್ನುವಷ್ಟು ಹಾಲಿನ ನಂಟು ದೊಡ್ಡದು. ನೆರೆಮನೆಗಳಲ್ಲಿ ಯಶೋದೆ ಕೃಷ್ಣನನ್ನು ಮಡಿಲಿಗೆ ಹಾಕಿಕೊಂಡ ಚಿತ್ರಕ್ಕೆ ಕೈಮುಗಿಯುತ್ತಾರೆ. ಯುರೋಪಿನ ಹಳೆಯ ಚರ್ಚುಗಳಲ್ಲಿ ಮೇರಿ ಯೇಸುವಿಗೆ ಹಾಲುಣಿಸುವ ಚಿತ್ರಗಳಿವೆ. ಹೀಗೆ ಎಲ್ಲ ಧರ್ಮಗಳೂ ಎತ್ತರದಲ್ಲಿಟ್ಟ ಕ್ರಿಯೆಯನ್ನು ಕೊಳಕಾಗಿ ನೋಡುವ ಕಣ್ಣು ಯಾವ ಧರ್ಮದ್ದು?

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಒಂದು ಅಪರೂಪದ ತೀರ್ಪು ನೀಡಿದರು. ಬೆಂಗಳೂರಿನ ಆಸ್ಪತ್ರೆಯೊಂದರಿಂದ ಕಳವಾದ ಹಸುಗೂಸು ಬೇರೊಂದು ದಂಪತಿಯ ಮನೆಯಲ್ಲಿ ಬೆಳೆಯುತ್ತಿತ್ತು. ಹೆತ್ತವಳು ಮುಸ್ಲಿಂ, ಸಾಕಿದವಳು ಹಿಂದೂ. ಹಾಲುಣಿಸುವುದು ತಾಯಿಯಿಂದ ಕಿತ್ತುಕೊಳ್ಳಲಾಗದ ಹಕ್ಕು, ಹಾಲು ಪಡೆಯುವ ಕೂಸಿನ ಹಕ್ಕು ಅದರೊಂದಿಗೆ ಬೆರೆತುಕೊಂಡಿದೆ, ಇದು ಸಂವಿಧಾನದ 21ನೇ ವಿಧಿಯ ರಕ್ಷಣೆಯಲ್ಲಿದೆ ಎಂದು ನ್ಯಾಯಾಲಯ ಹೇಳಿತು. ಸಾಕಿದ ತಾಯಿ ಕೂಸನ್ನು ಒಪ್ಪಿಸಿದರು. ಬೇಕೆನಿಸಿದಾಗ ಬಂದು ಮಗುವನ್ನು ನೋಡಿ ಎಂದು ಹೆತ್ತ ತಾಯಿ ಹೇಳಿದರು. ಎರಡು ಧರ್ಮಗಳ ಇಬ್ಬರು ಹೆಂಗಸರ ಈ ದೊಡ್ಡ ಮನಸ್ಸನ್ನು ನ್ಯಾಯಮೂರ್ತಿಗಳು ಮೆಚ್ಚಿ ದಾಖಲಿಸಿದರು. ಮುಂದೆ 2025ರ ಫೆಬ್ರವರಿ 19ರಂದು ಸುಪ್ರೀಂ ಕೋರ್ಟಿನಲ್ಲಿ, ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಹಾಗೂ ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ ಅವರ ಪೀಠ ಸಾರ್ವಜನಿಕ ಸ್ಥಳಗಳಲ್ಲಿ ಹಾಲುಣಿಸುವ ಕೋಣೆಗಳ ಬಗ್ಗೆ ತೀರ್ಪು ಕೊಟ್ಟಿತು. ಹೊಸದಾಗಿ ಕಟ್ಟುವ ಸಾರ್ವಜನಿಕ ಕಟ್ಟಡಗಳಲ್ಲಿ ಇದಕ್ಕೆ ಜಾಗ ಕಾದಿರಿಸಬೇಕು, ಈಗಾಗಲೇ ಇರುವ ಕಟ್ಟಡಗಳಲ್ಲೂ ಸಾಧ್ಯವಾದಷ್ಟು ಒದಗಿಸಬೇಕೆಂದು ಹೇಳಿತು. ಅಷ್ಟಕ್ಕೇ ನಿಲ್ಲದೆ, ಸಾರ್ವಜನಿಕ ಸ್ಥಳದಲ್ಲಿ ಹಾಲುಣಿಸುವುದಕ್ಕೆ ಕಳಂಕ ಹಚ್ಚಬಾರದೆಂದೂ, ಹೆಣ್ಣಿನ ಘನತೆಗೆ ಕುಂದು ತರುವ ನಡವಳಿಕೆಯನ್ನು ಬಿಡುವುದು ಪ್ರತಿ ಪ್ರಜೆಯ ಮೂಲಭೂತ ಕರ್ತವ್ಯವೆಂದೂ ನೆನಪಿಸಿತು.

ಮೊಬೈಲ್ ಫೋನ್ ಬಂದ ಮೇಲೆ ದಿಟ್ಟಿಸುವ ಕಣ್ಣಿನ ಜೊತೆಗೆ ಕ್ಯಾಮೆರಾದ ಹೆದರಿಕೆಯೂ ಸೇರಿಕೊಂಡಿದೆ. ಇದಕ್ಕೂ ಕಾನೂನಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ ಸೇರಿಸಿದ 66-ಇ ಕಲಮಿನ ಪ್ರಕಾರ ಒಬ್ಬರ ಖಾಸಗಿ ಅಂಗದ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ, ಖಾಸಗಿತನಕ್ಕೆ ಭಂಗ ಬರುವಂತೆ ತೆಗೆಯುವುದು, ಹಂಚುವುದು ಅಪರಾಧ. ಮೂರು ವರ್ಷದವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಹೆಣ್ಣಿನ ಎದೆಯನ್ನು ಅದು ಸ್ಪಷ್ಟವಾಗಿ ಹೆಸರಿಸುತ್ತದೆ. ಸಾರ್ವಜನಿಕ ಸ್ಥಳ ಎಂಬ ನೆಪ ಅಲ್ಲಿ ನಡೆಯುವುದಿಲ್ಲ. ಫೋನು ಎತ್ತಿದವನನ್ನು ಕಂಡು ಮುದುಡುವ ಬದಲು ಸುತ್ತಲಿನ ನಾಲ್ಕು ಜನ ಎದ್ದುನಿಂತು ಕೇಳಿದರೆ ಈ ಕಲಮಿಗೆ ಜೀವ ಬರುತ್ತದೆ.

ಕೋಣೆಗಳ ಬಗ್ಗೆಯೂ ಒಂದು ಮಾತು. 2015ರಲ್ಲಿ ತಮಿಳುನಾಡು ಸರಕಾರ ಬಸ್ ನಿಲ್ದಾಣಗಳಲ್ಲಿ ತಾಯಂದಿರಿಗಾಗಿ ನೂರಾರು ಕೋಣೆಗಳನ್ನು ತೆರೆಯಿತು. ಅಂಥ ಕೋಣೆಗಳು ನಮಗೂ ಬೇಕು. ತಾಲೂಕು ಕಚೇರಿಯಲ್ಲಿ, ಆರೋಗ್ಯ ಕೇಂದ್ರದಲ್ಲಿ, ರೈಲು ನಿಲ್ದಾಣದಲ್ಲಿ, ನ್ಯಾಯಾಲಯದಲ್ಲಿ ಎಲ್ಲ ಕಡೆ ಬೇಕು. ಫ್ಯಾನು, ನೀರು, ಬೆನ್ನಿಗೆ ಆನಿಕೆಯಿರುವ ಕುರ್ಚಿ ಇರಬೇಕು. ಬೀಗ ಹಾಕಿ, ಕೀಲಿಯನ್ನು ಯಾರದೋ ಜೇಬಿನಲ್ಲಿಟ್ಟರೆ ಅದು ಕೋಣೆಯಲ್ಲ, ಉದ್ಘಾಟನೆಯ ಕಲ್ಲಿಗೆ ಕಟ್ಟಿದ ಗೋಡೆ. ಆದರೆ ಕೋಣೆ ಕಟ್ಟಿಸಿದ್ದೇವಲ್ಲ, ಇನ್ನು ಅಲ್ಲಿಗೇ ಹೋಗಿ ಎಂದು ತಾಯಿಯನ್ನು ಬೆಂಚಿನಿಂದ ಎಬ್ಬಿಸುವುದನ್ನು ನಾವು ಒಪ್ಪುವುದಿಲ್ಲ. ಬಯಸುವವಳಿಗೆ ಅದು ಸೌಕರ್ಯ. ಬಲವಂತ ಮಾಡಿದರೆ ಸೆರೆಮನೆ. ಸ್ಕಾಟ್ಲೆಂಡಿನಲ್ಲಿ 2005ರ ಕಾನೂನಿನ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಎರಡು ವರ್ಷದೊಳಗಿನ ಮಗುವಿಗೆ ಹಾಲುಣಿಸುವುದನ್ನು ತಡೆಯುವವರೇ ಅಪರಾಧಿಗಳು. ಅಲ್ಲಿ ತಾಯಿಗೆ ಹೋಗು ಎನ್ನುವ ಹಾಗಿಲ್ಲ.

ತಾಯಿಯ ನಾಚಿಕೆಯಿಂದ ಲಾಭ ಮಾಡಿಕೊಳ್ಳುವವರೂ ಇದ್ದಾರೆ. ಎದೆ ತೆರೆಯಲು ಅಂಜುವವಳು ಬಾಟಲಿ ತೆಗೆಯಲು ಅಂಜಬೇಕಿಲ್ಲ. ಹಾಲಿನ ಪುಡಿ ಮಾರುವ ಕಂಪೆನಿಗಳಿಗೆ ಇದಕ್ಕಿಂತ ಅಗ್ಗದ ಪ್ರಚಾರ ಬೇಕೇ? ಇಂಥ ಮಾರಾಟದ ಉತ್ಸಾಹಕ್ಕೆ ಕಡಿವಾಣ ಹಾಕಲೆಂದೇ ವಿಶ್ವ ಆರೋಗ್ಯ ಸಭೆ 1981ರಲ್ಲಿ ಅಂತರರಾಷ್ಟ್ರೀಯ ಸಂಹಿತೆಯನ್ನು ಒಪ್ಪಿತು. ಭಾರತ 1992ರಲ್ಲಿ ಕಾಯ್ದೆಯನ್ನೇ ಮಾಡಿ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಎಳೆಗೂಸುಗಳ ಹಾಲಿನ ಪುಡಿ ಮತ್ತು ಬಾಟಲಿಗಳನ್ನು ಜಾಹೀರಾತು ಮಾಡುವುದು ನಮ್ಮಲ್ಲಿ ನಿಷಿದ್ಧ. ಹಾಲು ಬಾರದ, ಕಾಯಿಲೆಯಲ್ಲಿರುವ ತಾಯಂದಿರಿಗೆ ಡಬ್ಬಿ ಹಾಲು ಬೇಕಾಗಬಹುದು, ಅವರನ್ನು ಯಾರೂ ಹೀಯಾಳಿಸಬಾರದು. ಆದರೆ ಎದೆ ತುಂಬ ಹಾಲಿದ್ದೂ ಜನರಿಗೆ ಹೆದರಿ ಡಬ್ಬಿ ಕೊಳ್ಳುವ ಸ್ಥಿತಿಯಿದ್ದರೆ ಆ ಖರ್ಚಿನ ಚೀಟಿಯನ್ನು ಸಮಾಜದ ಹೆಸರಿಗೇ ಬರೆಯಬೇಕು.

ಇಷ್ಟೆಲ್ಲ ಬದಲಾಗುವ ತನಕ ಕೂಸು ಕಾಯುವುದಿಲ್ಲ. ನಾಳೆ ಬೆಳಿಗ್ಗೆ ಲಸಿಕೆಗೆ ಹೊರಡಬೇಕಾದ ಹೊಸ ತಾಯಂದಿರಿಗೆ ಅನುಭವಸ್ಥ ಹೆಂಗಸರು ಹೇಳುವ ಮಾತುಗಳು ಉಪಯೋಗಕ್ಕೆ ಬರುತ್ತವೆ. ಮನೆಯಲ್ಲೇ ಕನ್ನಡಿಯ ಮುಂದೆ ಕೂತು ಒಮ್ಮೆ ಹಾಲುಣಿಸಿ ನೋಡಿ. ನಿಮಗೆ ಅನಿಸಿದಷ್ಟು ಏನೂ ಕಾಣುವುದಿಲ್ಲ, ಕೂಸಿನ ತಲೆಯೇ ದೊಡ್ಡ ಮರೆ. ಮುಂದೆ ಗುಂಡಿಯಿರುವ ಬಟ್ಟೆ, ಮೇಲೊಂದು ಹಗುರ ಹತ್ತಿಯ ದುಪ್ಪಟ್ಟಾ ಸಾಕು. ಕೂಸಿನ ಮುಖಕ್ಕೆ ಗಾಳಿಯಾಡುತ್ತಿರಲಿ. ಮೊದಲ ಸಲ ಹೊರಗೆ ಹೋಗುವಾಗ ಅಮ್ಮನನ್ನೋ ಅಕ್ಕನನ್ನೋ ಜೊತೆಗೆ ಕರೆದುಕೊಳ್ಳಿ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಕೇಳಿ. ಕೂಸು ಬಾಯಿ ತೆರೆದು ಹುಡುಕತೊಡಗಿದಾಗಲೇ ಎದೆಗೆ ಹಾಕಿಕೊಳ್ಳಿ. ಅಳು ಎಬ್ಬಿಸುವ ಗದ್ದಲವಿಲ್ಲದಿದ್ದರೆ ಯಾರ ಗಮನವೂ ಈ ಕಡೆ ಹರಿಯುವುದಿಲ್ಲ. ದೀರ್ಘವಾಗಿ ಉಸಿರು ಬಿಟ್ಟು ಭುಜವನ್ನು ಸಡಿಲ ಮಾಡಿ, ನೋಡುವವರ ಮುಖವನ್ನು ಬಿಟ್ಟು ಕೂಸಿನ ಮುಖ ನೋಡಿ. ಹಾಲು ಇಳಿಯುತ್ತದೆ. ಮೊದಲ ಸಲದ ಕಷ್ಟ ಮೂರನೆಯ ಸಲಕ್ಕೆ ಇರುವುದಿಲ್ಲ.

ಉಳಿದವರ ಕೆಲಸ ಇದಕ್ಕಿಂತ ಸುಲಭ. ಗಂಡನಾದವನು ಮುಜುಗರದಿಂದ ಆಚೆ ಹೋಗಿ ನಿಲ್ಲುವ ಬದಲು ಹೆಂಡತಿಯ ಪಕ್ಕದಲ್ಲಿ ಕೂರಲಿ, ಚೀಲ ಹಿಡಿಯಲಿ, ನೀರು ಕೊಡಲಿ. ಅತ್ತೆಯಾದವರು "ಇಲ್ಲಿ ಬೇಡ" ಎನ್ನುವ ಬದಲು "ಇಲ್ಲೇ ಕೂತುಕೋ ಮಗಳೇ" ಎನ್ನಲಿ. ಕಂಡಕ್ಟರ್ ಒಂದು ಸೀಟು ಬಿಡಿಸಿಕೊಡಲಿ. ಅಂಗಡಿಯವನು ಒಳಗಿನ ಸ್ಟೂಲನ್ನು ಹೊರಗಿಡಲಿ. ಮಸೀದಿ, ದೇವಸ್ಥಾನ, ಚರ್ಚು, ಮದುವೆ ಮಂಟಪಗಳ ಆಡಳಿತದವರು ತಾಯಂದಿರಿಗಾಗಿ ಗಾಳಿ ಬೆಳಕಿರುವ ಒಂದು ಮೂಲೆಯನ್ನು ಬಿಡಲಿ. ಇನ್ನುಳಿದವರು ಏನನ್ನೂ ಮಾಡಬೇಕಿಲ್ಲ, ತಮ್ಮ ಕಣ್ಣನ್ನು ತಮ್ಮ ಕೆಲಸದ ಮೇಲೆ ಇಟ್ಟುಕೊಂಡರೆ ಸಾಕು.

ನಾವೆಲ್ಲರೂ ಯಾರದೋ ಎದೆಯ ಹಾಲು ಕುಡಿದು ಬೆಳೆದವರು. ದಿಟ್ಟಿಸುವವನೂ ಹಾಗೆಯೇ ಬೆಳೆದವನು. ಹಸಿದ ಕೂಸಿಗೆ ಅನ್ನ ಕೊಡುತ್ತಿರುವವಳು ತಲೆ ತಗ್ಗಿಸಿ ಕೂರುವಂತೆ ಮಾಡಿದ್ದಕ್ಕೆ ನಾಚಿಕೆಪಡುವ ಸರದಿ ಈಗ ನೋಡುವವರದು.